ಹರೆಯದವರ ಗೆಳೆತನ



ಸೋಮವಾರದ ದರ್ಶನಕ್ಕೆ ಬರುವ ಗೃಹಸ್ಥರಲ್ಲಿ ಹಲವರು ಪ್ರಸಾದ ಸ್ವೀಕರಿಸಿ ಹೊರಡುವ ಮುನ್ನ ಸ್ವಲ್ಪ ತಡೆದು ನಿಲ್ಲುತ್ತಾರೆ. ಏನೋ ಹೇಳುವುದಿದೆ ಎಂದು ನಮಗೆ ತಿಳಿಯುತ್ತದೆ. ಮೊದಲು ಮಳೆಯ ವಿಚಾರ, ಅನಂತರ ಕೊಬ್ಬರಿಯ ಧಾರಣೆ, ಆಮೇಲೆ ಮೆಲ್ಲಗೆ ಮಗನ ವಿಚಾರ. "ಬುದ್ಧಿ, ಹುಡುಗ ಈಗ ನಮ್ಮ ಮಾತು ಕೇಳುವುದಿಲ್ಲ. ಹೊತ್ತು ಹುಟ್ಟಿದರೆ ಗೆಳೆಯರು, ಹೊತ್ತು ಮುಳುಗಿದರೆ ಗೆಳೆಯರು. ಕೈಯಲ್ಲಿ ಮೊಬೈಲು. ಸಹವಾಸ ಕೆಟ್ಟಿತು." ಯಾರಪ್ಪ ಆ ಗೆಳೆಯರು ಎಂದು ಕೇಳಿದರೆ ಹೆಸರು ಗೊತ್ತಿರುವುದಿಲ್ಲ. ಯಾರ ಮಗ, ಯಾವ ಬೀದಿ, ಆ ಹುಡುಗನ ಮನೆಯಲ್ಲಿ ಉಣ್ಣುವುದಕ್ಕೆ ಉಂಟೋ ಇಲ್ಲವೋ, ಅದೂ ಗೊತ್ತಿರುವುದಿಲ್ಲ. ಕೆಟ್ಟವನು ಎಂಬುದು ಮಾತ್ರ ಖಂಡಿತವಾಗಿ ಗೊತ್ತಿರುತ್ತದೆ!

ಇದು ಯಾವ ಪ್ರಮಾಣದಿಂದ ಬಂದ ಜ್ಞಾನ? ಪ್ರತ್ಯಕ್ಷವಂತೂ ಅಲ್ಲ. ಅನುಮಾನವೆಂದರೆ ಅದೂ ಅಲ್ಲ. ತರ್ಕಶಾಸ್ತ್ರದಲ್ಲಿ ಅನುಮಾನಕ್ಕೆ ಒಂದು ಹೇತು ಇರಲೇಬೇಕು. ಹೊಗೆಯನ್ನು ಕಂಡು ಬೆಂಕಿಯನ್ನು ಅರಿಯುವುದು ಅನುಮಾನ. ಕನ್ನಡದಲ್ಲಿ ಆ ಶಬ್ದಕ್ಕೆ ಸಂಶಯವೆಂಬ ಅರ್ಥ ಬಂದುಬಿಟ್ಟಿದೆ. ಹೊಗೆಯೇ ಇಲ್ಲದ ಕಡೆ ಬೆಂಕಿ ಬಿತ್ತೆಂದು ಕೂಗುವುದು ನಮ್ಮ ಮನೆಗಳ ಅನುಮಾನ. ಹರೆಯದ ಮಕ್ಕಳ ಮೇಲೆ ನಾವು ಪ್ರಯೋಗಿಸುವುದು ಬಹುಮಟ್ಟಿಗೆ ಇದನ್ನೇ.

ಮಿತ್ರ ಎಂಬ ಶಬ್ದಕ್ಕೆ ಯಾಸ್ಕರು ತಮ್ಮ ನಿರುಕ್ತದಲ್ಲಿ, ನಾಶದಿಂದ ಕಾಪಾಡುವವನು ಎಂದು ವ್ಯುತ್ಪತ್ತಿ ಹೇಳಿದ್ದಾರೆ. ಅವರು ಹೇಳುತ್ತಿರುವುದು ಮಿತ್ರನೆಂಬ ದೇವತೆಯನ್ನು ಕುರಿತು, ಆ ಮಾತು ಬೇರೆ. ಆದರೂ ಮನುಷ್ಯಮಿತ್ರನಿಗೂ ಆ ಅರ್ಥ ಸಲ್ಲುತ್ತದೆ. ಸ್ನೇಹವೆಂದರೆ ಸಂಸ್ಕೃತದಲ್ಲಿ ಪ್ರೀತಿ ಎಂದೂ ಆಗುತ್ತದೆ, ಎಣ್ಣೆ ಎಂದೂ ಆಗುತ್ತದೆ. ಬಂಡಿ ಹೊಡೆದವರಿಗೆ ಕೀಲೆಣ್ಣೆಯ ಬೆಲೆಯನ್ನು ನಾವು ಹೇಳಬೇಕಾಗಿಲ್ಲ.

ಭಾಗವತದ ದಶಮಸ್ಕಂಧದಲ್ಲಿ ಕುಚೇಲನ ಕಥೆ ಬರುತ್ತದೆ. ಅವಲಕ್ಕಿಯ ಪ್ರಸಂಗ ನಿಮಗೆಲ್ಲ ಬಾಯಿಪಾಠ. ಅದರ ನಡುವೆ ಕೃಷ್ಣನು ನೆನೆಸಿಕೊಂಡು ಹೇಳುವ ಒಂದು ಘಟನೆ ಇದೆ. ಅದನ್ನು ಹೇಳುವವರು ಕಡಮೆ. ಇಬ್ಬರೂ ಸಾಂದೀಪನಿಗಳ ಗುರುಕುಲದಲ್ಲಿದ್ದಾಗ ಗುರುಪತ್ನಿಯು ಸೌದೆ ತರಲು ಕಾಡಿಗೆ ಕಳುಹಿಸುತ್ತಾಳೆ. ಕಾಲವಲ್ಲದ ಕಾಲದಲ್ಲಿ ಬಿರುಗಾಳಿ, ಮಳೆ, ಸಿಡಿಲು. ಹೊತ್ತು ಮುಳುಗಿತು. ಹಳ್ಳ ಯಾವುದು, ದಿಣ್ಣೆ ಯಾವುದು ತಿಳಿಯದಂತೆ ನೀರು ತುಂಬಿತು. ದಿಕ್ಕು ತಪ್ಪಿದ ಹುಡುಗರು ಒಬ್ಬರ ಕೈಯನ್ನೊಬ್ಬರು ಹಿಡಿದುಕೊಂಡು ಇರುಳೆಲ್ಲ ಕಾಡಿನಲ್ಲಿ ಅಲೆದರು. ಸೂರ್ಯೋದಯವಾದಾಗ ಗುರುಗಳು ಹುಡುಕಿಕೊಂಡು ಬಂದರು. ಬಂದವರು ಗದರಿಸಲಿಲ್ಲ. ಎಲ್ಲಿಗೆ ಹೋಗಿದ್ದಿರಿ, ಯಾರು ಯಾರನ್ನು ಕೆಡಿಸಿದಿರಿ ಎಂದು ಕೇಳಲಿಲ್ಲ. ಮಕ್ಕಳೇ, ನಮಗಾಗಿ ಎಷ್ಟು ಕಷ್ಟಪಟ್ಟಿರಿ ಎಂದು ಹರಸಿದರು.

ಗುರು ಬಂದದ್ದು ಬೆಳಗಾದ ಮೇಲೆ. ಅದುವರೆಗೆ ಆ ಕೈಯನ್ನು ಹಿಡಿದಿದ್ದವರು ಯಾರು? ಹದಿಮೂರರಿಂದ ಹದಿನೆಂಟರವರೆಗಿನ ಪ್ರಾಯವು ಇಂತಹ ಒಂದು ರಾತ್ರಿ. ತಂದೆತಾಯಿಗಳಿಗೆ ಪ್ರೀತಿ ಇಲ್ಲವೆಂದಲ್ಲ, ಅವರು ತಲಪುವುದು ತಡವಾಗುತ್ತದೆ. ಪರೀಕ್ಷೆಯಲ್ಲಿ ಅನುತ್ತೀರ್ಣನಾದ ಹುಡುಗ ಅದನ್ನು ಮೊದಲು ಯಾರಿಗೆ ಹೇಳುತ್ತಾನೆ? ನೀವೇ ವಿಚಾರ ಮಾಡಿ.

ಕೆಲವು ವರ್ಷಗಳ ಹಿಂದೆ ನಮ್ಮ ಮಠದ ಭಕ್ತರೊಬ್ಬರು ಬಹಳ ಕೋಪದಿಂದ ಬಂದರು. ಊರು, ಹೆಸರು ಬೇಡ. ಅವರ ಮಗಳು ಎಸ್.ಎಸ್.ಎಲ್.ಸಿ. ಬರೆದಿದ್ದಳು, ಹದಿನಾರು ವರ್ಷ. ನೆಂಟರಲ್ಲೇ ವರ ನೋಡಿ ಮದುವೆ ಗೊತ್ತುಮಾಡಿದ್ದರು. ಲಗ್ನಪತ್ರಿಕೆ ಅಚ್ಚಾಗುವ ಮೊದಲೇ ಅಧಿಕಾರಿಗಳು ಮನೆಗೆ ಬಂದು, 2006ರ ಕಾಯಿದೆಯಂತೆ ಹದಿನೆಂಟು ತುಂಬದ ಹೆಣ್ಣುಮಗುವಿಗೆ ಮದುವೆ ಮಾಡಕೂಡದೆಂದು ಹೇಳಿ ಮುಚ್ಚಳಿಕೆ ಬರೆಸಿಕೊಂಡು ಹೋದರು. ತಿಳಿಸಿದವರು ಹುಡುಗಿಯ ಇಬ್ಬರು ಗೆಳತಿಯರು. ಶಾಲೆಯ ಗೋಡೆಯ ಮೇಲೆ ಬರೆದಿದ್ದ ಮಕ್ಕಳ ಸಹಾಯವಾಣಿ, 1098, ಅದಕ್ಕೆ ಫೋನು ಮಾಡಿದ್ದರು. "ನನ್ನ ಮಗಳು ಬಂಗಾರದಂಥವಳು ಬುದ್ಧಿ, ಆ ಇಬ್ಬರು ಸೇರಿ ಕೆಡಿಸಿದರು. ಅವರನ್ನು ಕರೆಸಿ ತಾವೇ ಬುದ್ಧಿ ಹೇಳಬೇಕು" ಎಂದರು.

ಕರೆಸಿದೆವು. ಮೂವರೂ ತಾಯಂದಿರೊಡನೆ ಬಂದರು. ಇಷ್ಟು ದೊಡ್ಡ ಕೆಲಸ ಮಾಡುವ ಮುನ್ನ ಅವಳ ತಂದೆಗೆ ಒಂದು ಮಾತು ಹೇಳಬಾರದಿತ್ತೇನಮ್ಮ ಎಂದು ಕೇಳಿದೆವು. ಅವರಲ್ಲಿ ಚಿಕ್ಕವಳು ಹೇಳಿದಳು: "ಹೇಳಿದ್ವಿ ಬುದ್ಧಿ. ಅವಳು ಓದಬೇಕು ಅಂತಾಳೆ, ರಾತ್ರಿಯೆಲ್ಲ ಅಳ್ತಾಳೆ ಅಂತ ಮನೆಗೇ ಹೋಗಿ ಹೇಳಿದ್ವಿ. ಇನ್ನು ಮೇಲೆ ಈ ಹೊಸಿಲು ತುಳೀಬೇಡಿ ಅಂದ್ರು." ತಂದೆ ತಲೆ ತಗ್ಗಿಸಿದರು. ಮಗಳು ರಾತ್ರಿ ಅಳುತ್ತಿದ್ದುದು ಒಂದೇ ಸೂರಿನ ಕೆಳಗಿದ್ದ ಅವರಿಗೆ ಗೊತ್ತಿರಲಿಲ್ಲ. ಎರಡು ಬೀದಿ ಆಚೆಯ ಹುಡುಗಿಯರಿಗೆ ಗೊತ್ತಿತ್ತು. ನಾವು ಆ ಮಕ್ಕಳಿಗೆ ಹೇಳುವ ಬುದ್ಧಿ ಏನೂ ಉಳಿದಿರಲಿಲ್ಲ. ಹಣ್ಣು ಕೊಟ್ಟು ಕಳುಹಿಸಿದೆವು. ಹುಡುಗಿ ಮುಂದೆ ಪಿ.ಯು.ಸಿ.ಗೆ ಸೇರಿದಳು. ತಂದೆಗೆ ಆ ಇಬ್ಬರ ಮೇಲಿನ ಮುನಿಸು ಪೂರ್ತಿ ಹೋಗಿಲ್ಲ. ಎದುರಾದರೆ ಮಾತನಾಡಿಸುತ್ತಾರೆ, ಅಷ್ಟೆ. ಹೊಸಿಲಿನ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡಿದ್ದಾರೆ.

ಹಾಗಾದರೆ ಮಕ್ಕಳನ್ನು ಏನೂ ಕೇಳಬಾರದೆ? ಕೇಳಬೇಕು. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಎಳೆಯ ಪ್ರಾಯದವಳು. ಅಲ್ಲಮಪ್ರಭುಗಳು ತುಂಬಿದ ಸಭೆಯಲ್ಲಿ ಎಂತಹ ಕಠಿನವಾದ ಪ್ರಶ್ನೆಗಳನ್ನು ಕೇಳಿದರೆಂಬುದನ್ನು ಶೂನ್ಯಸಂಪಾದನೆ ಓದಿದವರು ಬಲ್ಲರು. ಆದರೆ ಕೇಳಿದ ಮೇಲೆ ಉತ್ತರಕ್ಕೆ ಕಿವಿಗೊಟ್ಟರು. ಉತ್ತರ ನಿಜವೆಂದು ಕಂಡಮೇಲೆ ವಯಸ್ಸನ್ನು ಎಣಿಸಲಿಲ್ಲ, ಸಭೆಯೇ ಅಕ್ಕ ಎಂದಿತು. ನಾವು ಪ್ರಶ್ನೆಯನ್ನೇನೋ ಕೇಳುತ್ತೇವೆ, ಉತ್ತರ ಬರುವ ಮೊದಲೇ ಹೊಡೆಯಲು ಕೈ ಎತ್ತಿರುತ್ತೇವೆ. ಅಂಥ ಮನೆಯಲ್ಲಿ ಮಗು ಸುಳ್ಳು ಕಲಿಯುತ್ತದೆ.

ದುಷ್ಟಸಂಗವೆಂಬುದು ಇಲ್ಲವೆಂದು ನಾವು ಹೇಳುವುದಿಲ್ಲ. ಗಾಂಜಾ ಹಳ್ಳಿಗಳಿಗೂ ಬಂದಿದೆ, ದುಡ್ಡು ಕಟ್ಟಿ ಆಡುವ ಆಟ ಮೊಬೈಲಿನೊಳಗೇ ಬಂದಿದೆ. ಮನೆಯಲ್ಲಿ ಹೇಳಬೇಡ ಎಂದು ಕಲಿಸುವ ಗೆಳೆಯನ ವಿಷಯದಲ್ಲಿ ತಡಮಾಡದೆ ನಡುವೆ ಹೋಗಬೇಕು. ಆ ಹುಡುಗಿಯರು ಮೊದಲು ಬಂದದ್ದು ಮನೆಗೇ ಎಂಬುದನ್ನು ಗಮನಿಸಿ. ಯಾರು ಎಂಥವರೆಂದು ತಿಳಿಯುವುದಕ್ಕೆ ಗೂಢಚಾರಿಕೆ ಬೇಕಾಗಿಲ್ಲ, ಮಗನ ಮೊಬೈಲನ್ನು ಕದ್ದು ನೋಡಬೇಕಾಗಿಲ್ಲ. ನಿಮ್ಮ ಪಡಸಾಲೆಯಲ್ಲಿ ಅವನ ಗೆಳೆಯರಿಗೂ ಎಲೆ ಹಾಕಿ ಬಡಿಸಿರಿ. ದಾಸೋಹ ಮಠದಲ್ಲಿ ಮಾತ್ರ ನಡೆಯಬೇಕಾದದ್ದಲ್ಲ. ನಾಲ್ಕು ಸಲ ಜೊತೆಯಲ್ಲಿ ಉಂಡವನ ಗುಣ ಐದನೆಯ ಸಲಕ್ಕೆ ತಾಯಂದಿರಿಗೆ ಗೊತ್ತಾಗಿಯೇ ಆಗುತ್ತದೆ. ತಂದೆಯರಿಗೆ ಇನ್ನೂ ಸ್ವಲ್ಪ ಸಮಯ ಹಿಡಿಯಬಹುದು.

ಬರುವ ಹುಣ್ಣಿಮೆಗೆ ಮಠದಲ್ಲಿ ಎಂದಿನಂತೆ ದಾಸೋಹವಿದೆ. ಈ ಸಲ ಹರೆಯದ ಮಕ್ಕಳನ್ನು ಕರೆತನ್ನಿ, ಅವರ ಗೆಳೆಯ ಗೆಳತಿಯರನ್ನೂ ಕರೆತನ್ನಿ. ಯಾವ ಜಾತಿ, ಯಾವ ಮತ ಎಂದು ಯಾರೂ ಕೇಳತಕ್ಕದ್ದಲ್ಲ. ಹೆಚ್ಚಿನ ಅಕ್ಕಿ ನೆನೆಹಾಕಲು ಅಡುಗೆಯವರಿಗೆ ಈಗಾಗಲೇ ಹೇಳಿದ್ದೇವೆ. ಪಂಕ್ತಿಯಲ್ಲಿ ನಾವು ಬರುವಾಗ ನಿಮ್ಮ ಮಗನ ಪಕ್ಕದಲ್ಲಿ ಕುಳಿತ ಹುಡುಗನ ಹೆಸರೇನೆಂದು ನಿಮ್ಮನ್ನೇ ಕೇಳುತ್ತೇವೆ, ತಿಳಿದುಕೊಂಡು ಬನ್ನಿ.