ಮುಳುಗಿದ ಚಿಲುಮೆಗಳ ದಾರಿಯಲ್ಲಿ ಇಬ್ಬರ ದೋಣಿ

(ವಾಚಕರ ಬಳಗವೊಂದರ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಕಡೆ ದೋಣಿ ಎಂದರೆ ಆಚೆ ದಡ ಸೇರುವ ಸಾಧನ. ಹರಿಗೋಲು ಹತ್ತಿದರೆ ಹತ್ತು ನಿಮಿಷ, ಇಳಿದರೆ ಮುಗಿಯಿತು. ನದಿಯ ಉದ್ದಕ್ಕೂ ವಾರಗಟ್ಟಲೆ ಸಾಗುವುದು, ದೋಣಿಯಲ್ಲೇ ಅಡುಗೆ ಮಾಡಿ, ಉಂಡು, ಮಲಗುವುದು ನಮಗೆ ಅಷ್ಟಾಗಿ ರೂಢಿಯಿಲ್ಲ. ಬಂಡೆಗಳ ನಡುವೆ ಧುಮ್ಮಿಕ್ಕುವ ನಮ್ಮ ನದಿಗಳು ಅದಕ್ಕೆ ಒಗ್ಗುವುದೂ ಇಲ್ಲವೆನ್ನಿ. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ಮಾತ್ರ ಗಂಡ-ಹೆಂಡತಿ ಇಬ್ಬರೇ ಚಿಕ್ಕ ಮೋಟಾರು ದೋಣಿಯಲ್ಲಿ ಹೀಗೆ ಹೊರಡುವುದು ಸಾಮಾನ್ಯ ಸಂಗತಿ. ಅವರು ಹಿಡಿಯುವ ದಾರಿಗಳಲ್ಲಿ ಮುಖ್ಯವಾದದ್ದು ಸೇಂಟ್ ಜಾನ್ಸ್ ನದಿ.

ಇದೊಂದು ಸೋಮಾರಿ ನದಿ. ಉದ್ದ ಸುಮಾರು 500 ಕಿಲೋಮೀಟರ್. ಹುಟ್ಟಿದಲ್ಲಿಂದ ಕಡಲು ಸೇರುವಲ್ಲಿಗೆ ಇಳಿಜಾರು 30 ಅಡಿಗಿಂತಲೂ ಕಡಿಮೆ. ಹರಿಯುವುದು ದಕ್ಷಿಣದಿಂದ ಉತ್ತರಕ್ಕೆ. ಕೊಳೆತ ಎಲೆ-ಬೇರುಗಳ ಒಗರಿನಿಂದ ನೀರು ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಇಂಥ ಕಪ್ಪು ನೀರಿನ ಪಕ್ಕದಲ್ಲಿಯೇ ಗಾಜಿನಂತೆ ತಿಳಿಯಾದ ಚಿಲುಮೆಗಳಿರುವುದು ಈ ಪ್ರದೇಶದ ವಿಸ್ಮಯ.

ಚಿಲುಮೆ ಎಂದಾಗ ನಮಗೆ ತುಮಕೂರಿನ ಬಳಿಯ ನಾಮದ ಚಿಲುಮೆ ನೆನಪಾಗುತ್ತದೆ. ಬಂಡೆಯ ಕುಳಿಯಲ್ಲಿ ಬೊಗಸೆ ನೀರು. ಫ್ಲಾರಿಡಾದ ಲೆಕ್ಕವೇ ಬೇರೆ. ಅಲ್ಲಿ ನೆಲದಡಿ ಸುಣ್ಣಕಲ್ಲು. ಮಳೆ ನೀರು ಅದನ್ನು ಕರಗಿಸಿ ಗುಹೆಗಳನ್ನು ಕೊರೆದಿದೆ. ಆ ಗುಹೆಗಳಲ್ಲಿ ತುಂಬಿದ ನೀರು ಒತ್ತಡದಿಂದ ಮೇಲೆದ್ದು ಸಾವಿರಕ್ಕೂ ಹೆಚ್ಚು ಕಡೆ ಹೊರಬರುತ್ತದೆ. ಸೇಂಟ್ ಜಾನ್ಸ್ ನದಿಗೆ ಸೇರುವ ಬ್ಲೂ ಸ್ಪ್ರಿಂಗ್ ಒಂದೇ ದಿನಕ್ಕೆ 35 ಕೋಟಿ ಲೀಟರಿಗೂ ಹೆಚ್ಚು ನೀರು ಉಕ್ಕಿಸುತ್ತದೆ. ಚಳಿಗಾಲವಿರಲಿ, ಬೇಸಿಗೆಯಿರಲಿ, ನೀರಿನ ಉಷ್ಣತೆ 22-23 ಡಿಗ್ರಿ ಸೆಲ್ಸಿಯಸ್.

ಈ ಬೆಚ್ಚನೆಯ ನೀರನ್ನು ಅರಸಿ ಚಳಿಗಾಲದಲ್ಲಿ ಮ್ಯಾನಟಿಗಳು ಬರುತ್ತವೆ. ಮ್ಯಾನಟಿ ಎಂದರೆ ನಮ್ಮ ಮನ್ನಾರ್ ಕೊಲ್ಲಿಯ ಕಡಲಹಸುವಿನ ದೂರದ ನೆಂಟ. ಹುಲ್ಲು ಮೇಯುವ, ಹತ್ತು ಅಡಿ ಉದ್ದದ ಸಾಧು ಪ್ರಾಣಿ. ನೀರು 20 ಡಿಗ್ರಿಗಿಂತ ತಣ್ಣಗಾದರೆ ಅದಕ್ಕೆ ಪ್ರಾಣಸಂಕಟ. ದೋಣಿಯ ಪಂಖ ತಾಗಿ ಬೆನ್ನ ಮೇಲೆ ಬಿದ್ದ ಗಾಯದ ಕಲೆಗಳಿಂದಲೇ ಸಂಶೋಧಕರು ಒಂದೊಂದನ್ನೂ ಗುರುತಿಸುತ್ತಾರೆಂದರೆ ದೋಣಿವಿಹಾರದ ಇನ್ನೊಂದು ಮುಖ ತಿಳಿದೀತು. ಅದಕ್ಕೇ ನವೆಂಬರ್ ನಡುವಿನಿಂದ ಮಾರ್ಚ್‌ವರೆಗೆ ಬ್ಲೂ ಸ್ಪ್ರಿಂಗ್‌ನೊಳಗೆ ದೋಣಿಗೆ ಪ್ರವೇಶವಿಲ್ಲ. ದಂಪತಿಗಳು ಹೊರಗೆ ನದಿಯಲ್ಲಿ ಲಂಗರು ಹಾಕಬೇಕು.

ದೋಣಿಯಲ್ಲಿ ಇಬ್ಬರೇ ಎಂದರೆ ಕೆಲಸವೂ ಇಬ್ಬರದೇ. ಒಬ್ಬರು ಚುಕ್ಕಾಣಿ ಹಿಡಿದರೆ ಇನ್ನೊಬ್ಬರು ಮುಂಭಾಗದಲ್ಲಿ ನಿಂತು ಲಂಗರು, ಹಗ್ಗ ನೋಡಿಕೊಳ್ಳಬೇಕು. ಎಂಜಿನ್ ಸದ್ದಿನಲ್ಲಿ ಕೂಗು ಕೇಳಿಸದೆ, ದೋಣಿಯನ್ನು ದಡಕ್ಕೆ ಕಟ್ಟುವ ಹೊತ್ತಿಗೆ ಸಂಸಾರದ ಜಗಳಗಳೆಲ್ಲ ಹೊರಬೀಳುತ್ತವೆ ಎಂಬುದು ದೋಣಿಯವರ ನಡುವಿನ ಹಳೆಯ ತಮಾಷೆ. ಕೈಸನ್ನೆಯ ಭಾಷೆ ರೂಢಿಸಿಕೊಂಡ ಜೋಡಿಯೇ ಜಾಣ ಜೋಡಿ.

ಈ ದಾರಿ ಹೊಸದಲ್ಲ. ಸಸ್ಯಶಾಸ್ತ್ರಜ್ಞ ವಿಲಿಯಂ ಬಾರ್ಟ್ರಮ್ 1774ರಲ್ಲಿ ಪುಟ್ಟ ದೋಣಿಯೇರಿ ಇಲ್ಲಿ ತಿರುಗಾಡಿದ; 1791ರಲ್ಲಿ ಪ್ರಕಟವಾದ ಅವನ ಪ್ರವಾಸಕಥನ ಇಂಗ್ಲಿಷ್ ಕವಿ ಕೋಲ್‌ರಿಜ್‌ನ ಮೇಲೂ ಪ್ರಭಾವ ಬೀರಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಪಲಾಟ್ಕಾ ಪಟ್ಟಣದಿಂದ ಉಗಿದೋಣಿಗಳು ಓಕ್ಲವಾಹಾ ಎಂಬ ಉಪನದಿಯಲ್ಲಿ ಸಿಲ್ವರ್ ಸ್ಪ್ರಿಂಗ್ಸ್‌ಗೆ ಹೋಗುತ್ತಿದ್ದವು. ರಾತ್ರಿ ದೋಣಿಯ ಮಾಳಿಗೆಯ ಮೇಲೆ ಪೈನ್ ಮರದ ತುಂಡುಗಳನ್ನು ಉರಿಸಿ ದಾರಿ ಕಾಣುತ್ತಿದ್ದರು.

ಇಂದು ಆ ದಾರಿಯಲ್ಲಿ ನೇರವಾಗಿ ಹೋಗುವಂತಿಲ್ಲ. ನಡುವೆ ಅಣೆಕಟ್ಟಿದೆ. ಇದರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಫ್ಲಾರಿಡಾವನ್ನು ಅಡ್ಡಲಾಗಿ ಸೀಳಿ ಸರಕುದೋಣಿಗಳಿಗೆ ಕಾಲುವೆ ತೋಡುವ ಕಾಮಗಾರಿ 1964ರಲ್ಲಿ ಆರಂಭವಾಯಿತು. 1968ರಲ್ಲಿ ಓಕ್ಲವಾಹಾಕ್ಕೆ ರಾಡ್‌ಮನ್ ಅಣೆಕಟ್ಟು ಕಟ್ಟಿದರು. ದಡದ ಕಾಡನ್ನು ದೈತ್ಯ ಯಂತ್ರವೊಂದು ಮಣ್ಣಿನೊಳಕ್ಕೆ ತುಳಿಯಿತು. ಸುಮಾರು 20 ಚಿಲುಮೆಗಳು ಹಿನ್ನೀರಿನಲ್ಲಿ ಮುಳುಗಿದವು. ಇದನ್ನು ಎದುರಿಸಿದವರಲ್ಲಿ ಮುಂದಾಳು ಮಾರ್ಜರಿ ಕಾರ್, ಪ್ರಾಣಿಶಾಸ್ತ್ರದ ಸ್ನಾತಕೋತ್ತರ ಪದವೀಧರೆ, ಐದು ಮಕ್ಕಳ ತಾಯಿ. ಪತಿ ಆರ್ಚಿ ಕಾರ್ ಕಡಲಾಮೆಗಳ ಅಧ್ಯಯನದಲ್ಲಿ ಲೋಕಪ್ರಸಿದ್ಧ. ಪತಿಯ ಹೆಸರಿನ ನೆರಳಲ್ಲಿ ಉಳಿಯಬಹುದಾಗಿದ್ದ ಆಕೆ ಭಾಷಣಕ್ಕಿಂತ ಅಂಕಿ-ಅಂಶವನ್ನೇ ನೆಚ್ಚಿದರು. ವಿಜ್ಞಾನಿಗಳು, ಅರ್ಥಶಾಸ್ತ್ರಜ್ಞರು, ವಕೀಲರನ್ನು ಕೂಡಿಸಿಕೊಂಡು 1969ರಲ್ಲಿ ಸಂಘಟನೆ ಕಟ್ಟಿ ನ್ಯಾಯಾಲಯಕ್ಕೆ ಹೋದರು. 1971ರ ಜನವರಿಯಲ್ಲಿ ಅಧ್ಯಕ್ಷ ನಿಕ್ಸನ್ ಕಾಮಗಾರಿ ನಿಲ್ಲಿಸಿದರು. ಆಗ ಕಾಲುವೆಯ ಮೂರನೇ ಒಂದು ಭಾಗದಷ್ಟು ಕೆಲಸ ಮುಗಿದಿತ್ತು.

ಕಾಲುವೆ ನಿಂತಿತು, ಅಣೆಕಟ್ಟು ಉಳಿಯಿತು. ಹಿನ್ನೀರಿನಲ್ಲಿ ಮೀನು ಹಿಡಿಯುವವರಿಗೆ ಅದು ಬೇಕು. ನದಿ ಮತ್ತೆ ಹರಿಯಲಿ ಎನ್ನುವವರಿಗೆ ಬೇಡ. ಮೀನು ಹಿಡಿಯುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಒಂದು ತಲೆಮಾರು ಆ ಕೆರೆಯ ದಡದಲ್ಲೇ ಬೆಳೆದಿದೆ. ಆದರೆ ಮ್ಯಾನಟಿಗಳಿಗೆ ಸಿಲ್ವರ್ ಸ್ಪ್ರಿಂಗ್ಸ್‌ನ ಬೆಚ್ಚನೆಯ ನೀರಿಗೆ ದಾರಿ ಕಟ್ಟಾಗಿರುವುದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ. ಮಾರ್ಜರಿ 1997ರಲ್ಲಿ ತೀರಿಕೊಂಡರು. ಕಾಲುವೆಗೆಂದು ವಶಪಡಿಸಿಕೊಂಡಿದ್ದ ಭೂಮಿ ಈಗ ಅವರ ಹೆಸರಿನ ಹಸಿರುಪಟ್ಟಿ.

ಮೂರು-ನಾಲ್ಕು ವರ್ಷಕ್ಕೊಮ್ಮೆ ನೀರಿನ ಕಳೆ ನಿಯಂತ್ರಿಸಲು ಹಿನ್ನೀರನ್ನು ತಗ್ಗಿಸುತ್ತಾರೆ. ಕಳೆಗಳಲ್ಲಿ ನಮ್ಮ ಕೆರೆಗಳನ್ನು ಮುಚ್ಚಿರುವ ಅಂತರಗಂಗೆಯೂ ಉಂಟು. ಆ ಕೆಲವು ತಿಂಗಳು ಮುಳುಗಿದ ಚಿಲುಮೆಗಳು ಸತ್ತ ಮರಗಳ ಮೋಟುಗಳ ನಡುವೆ ನೀಲಿಯಾಗಿ ಕಣ್ಣು ತೆರೆಯುತ್ತವೆ. ನೋಡಲು ಜನ ಚಿಕ್ಕ ದೋಣಿಗಳಲ್ಲಿ ಬರುತ್ತಾರೆ. ಬೇಸಿಗೆಗೆ ಮುನ್ನ ಮತ್ತೆ ನೀರು ತುಂಬಿಸಲಾಗುತ್ತದೆ.