ಜಲಾಶಯದಲ್ಲಿ ಗಾಳ

ಗಾಳ ಹಿಡಿದು ದಡದಲ್ಲಿ ಕುಳಿತವನನ್ನು ಕಂಡರೆ ದಾರಿಹೋಕರು ಕೇಳುವ ಮೊದಲ ಪ್ರಶ್ನೆ, "ಎರೆ ಏನು ಹಾಕಿದ್ದೀರಿ?" ಎಂಬುದು. ಪ್ರಶ್ನೆ ತಪ್ಪಲ್ಲ, ಆದರೆ ಅದು ಮೂರನೆಯದಾಗಿ ಕೇಳತಕ್ಕದ್ದು. ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಮೊದಲನೆಯದು. ಯಾವ ಮೀನು ಎಷ್ಟು ಆಳದಲ್ಲಿ ಮೇಯುತ್ತಿದೆ ಎಂಬುದು ಎರಡನೆಯದು. ಇವೆರಡಕ್ಕೆ ಉತ್ತರ ಗೊತ್ತಾದರೆ ಅಡಿಗೆಮನೆಯ ರಾಗಿಹಿಟ್ಟಿನ ಡಬ್ಬಿಯಲ್ಲೇ ಎರೆ ಸಿಕ್ಕುತ್ತದೆ. ಗೊತ್ತಾಗದಿದ್ದರೆ ಪೇಟೆಯಿಂದ ತಂದ ಎಂಥ ಎರೆಯೂ ಸುಮ್ಮನೆ ನೀರಿನಲ್ಲಿ ನೆನೆಯುತ್ತಿರುತ್ತದೆ.

ಬೆಟ್ಟದ ಜಲಾಶಯ ಎಂದೊಡನೆ ಗಾಳದ ಪುಸ್ತಕಗಳನ್ನು ಓದಿದವರಿಗೆ ಟ್ರೌಟ್ ಮೀನಿನ ನೆನಪಾಗುತ್ತದೆ. ಪರದೇಶದಿಂದ ಬಂದ ಈ ಮೀನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನೀಲಗಿರಿಯ ತಣ್ಣೀರಿನಲ್ಲಿ ನೆಲೆ ಕಂಡಿತು. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಅದಕ್ಕೆ ಕಷ್ಟಕಾಲ. ನಮ್ಮ ತುಂಗೆ ಭದ್ರೆಯರ ಬೇಸಿಗೆಯನ್ನು ಅದು ತಾಳಲಾರದು. ಅದಕ್ಕಾಗಿ ನಾವು ಚಿಂತಿಸಬೇಕಾಗಿಲ್ಲ. ನಮ್ಮ ನೀರಿಗೆ ನಮ್ಮ ಮೀನುಗಳಿವೆ, ಅವಕ್ಕೆ ತಕ್ಕ ಉಪಾಯಗಳೂ ಇವೆ.

ಶಿವಮೊಗ್ಗೆಯಿಂದ ತೀರ್ಥಹಳ್ಳಿಯ ದಾರಿ ಹಿಡಿದರೆ ಸಕ್ರೆಬೈಲಿನ ಆನೆ ಬಿಡಾರಕ್ಕೆ ಮೊದಲು ಗಾಜನೂರಿನ ತುಂಗಾ ಜಲಾಶಯ ಸಿಕ್ಕುತ್ತದೆ. ಭದ್ರಾವತಿಯವರಿಗೆ ಪರಿಚಿತವಾದ ಲಕ್ಕವಳ್ಳಿಯ ಭದ್ರಾ ಜಲಾಶಯ ಎಪ್ಪತ್ತೊಂದು ಟಿ.ಎಂ.ಸಿ.ಗೂ ಮಿಕ್ಕಿ ನೀರು ಹಿಡಿದರೆ, ಇದು ಹಿಡಿಯುವುದು 3.24 ಟಿ.ಎಂ.ಸಿ. ಮಾತ್ರ. ಚಿಕ್ಕದಾದ್ದರಿಂದಲೇ ಮುಂಗಾರು ಜೋರಾದರೆ ಬೇಗ ತುಂಬುತ್ತದೆ. ನೀರಿನ ಏರಿಳಿತವೂ ಬೇಗ ಕಣ್ಣಿಗೆ ಬೀಳುತ್ತದೆ. ಗಾಳದ ವಿದ್ಯೆ ಕಲಿಯುವವನಿಗೆ ಇಂಥ ಚಿಕ್ಕ ಜಲಾಶಯವೇ ಒಳ್ಳೆಯ ಪಾಠಶಾಲೆ.

ಮೊದಲ ಪಾಠವನ್ನು ಗಾಳವಿಲ್ಲದೆಯೇ ಕಲಿಯಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ದಡದುದ್ದಕ್ಕೂ ಒಮ್ಮೆ ನಡೆದು ನೋಡಿ. ಮುಳುಗಿದ್ದ ಮರದ ಬೊಡ್ಡೆಗಳು, ಬಂಡೆಗಳು, ಹಳ್ಳ ಬಂದು ಸೇರುವ ಕೊರಕಲುಗಳು ಆಗ ಬಯಲಾಗುತ್ತವೆ. ಅವುಗಳ ಗುರುತಿಟ್ಟುಕೊಳ್ಳಿ. ನೀರು ತುಂಬಿದ ಮೇಲೆ ಮೀನು ಆಸರೆ ಪಡೆಯುವುದು ಇಂಥ ಕಡೆಗಳಲ್ಲೇ. ಬೋಳು ಕೆಸರಿನ ಬಯಲಿನ ಮೇಲೆ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನೀರು ನಿಧಾನವಾಗಿ ಏರುವಾಗ ಮೀನು ಹೊಸದಾಗಿ ನೆನೆದ ಹುಲ್ಲಿನಂಚಿಗೆ ಮೇಯಲು ಬರುತ್ತದೆ. ಇಳಿಯುವಾಗ ಅಂಚನ್ನು ಬಿಟ್ಟು ಹಳೆಯ ಹೊಳೆಯ ಪಾತ್ರದತ್ತ ಸರಿಯುತ್ತದೆ. ಬೆಳಗ್ಗೆ ಸಂಜೆ ದಡದ ಹತ್ತಿರ, ಸುಡುಬಿಸಿಲಿನಲ್ಲಿ ಆಳ. ಗಾಳಿ ಬೀಸಿ ಅಲೆ ಹೊಡೆಯುವ ದಡದಲ್ಲಿ ಹುಳುಹುಪ್ಪಟೆ ಒಟ್ಟಾಗುವುದರಿಂದ ಮೀನೂ ಅಲ್ಲಿಗೇ ಬರುತ್ತದೆ. ನೀರುಕಾಗೆಗಳು ಒಂದೇ ಕಡೆ ಮತ್ತೆ ಮತ್ತೆ ಮುಳುಗುತ್ತಿದ್ದರೆ ಅಲ್ಲಿ ಮರಿಮೀನಿನ ಹಿಂಡಿದೆಯೆಂದು ತಿಳಿಯಿರಿ. ಮರಿಮೀನು ಇದ್ದಲ್ಲಿ ಅದನ್ನು ತಿನ್ನುವ ದೊಡ್ಡ ಮೀನೂ ಇರುವ ಸಂಭವ ಹೆಚ್ಚು.

ಎರಡನೆಯ ಪಾಠವನ್ನು ಮೀನಿನ ಬಾಯಿಯೇ ಕಲಿಸುತ್ತದೆ. ಗಂಗೆಯ ಸೀಮೆಯಿಂದ ಬಂದು ನಮ್ಮ ಜಲಾಶಯಗಳಲ್ಲಿ ಮನೆಮಾತಾಗಿರುವ ಮೂರು ಗೆಂಡೆ ಜಾತಿಗಳನ್ನು ನೋಡಿ. ಕಾಟ್ಲಾದ ಬಾಯಿ ಮೇಲ್ಮುಖವಾಗಿದೆ. ಅದು ಮೇಲಿನ ನೀರಿನಲ್ಲಿ ಮೇಯುತ್ತದೆ. ರೋಹು ನಡುನೀರಿನದು. ಮೃಗಾಲ್ ತಳ ಕೆದಕುವುದು. ಒಂದೇ ರಾಗಿಯ ಉಂಡೆ ಮೂರಕ್ಕೂ ಆದೀತು; ಬೆಂಡಿನಿಂದ ಕೊಕ್ಕೆಯವರೆಗಿನ ದಾರದ ಉದ್ದ ಮಾತ್ರ ಮೂರಕ್ಕೂ ಬೇರೆ ಬೇರೆ. ಒಂದೇ ಆಳದಲ್ಲಿ ದಿನವಿಡೀ ಕಾಯುವವನಿಗಿಂತ, ಅರ್ಧ ಗಂಟೆಗೊಮ್ಮೆ ಬೆಂಡನ್ನು ಮೇಲಕ್ಕೂ ಕೆಳಕ್ಕೂ ಸರಿಸಿ ನೋಡುವವನು ಮೇಲು.

ಈಗ ಎರೆಯ ಮಾತು. ರಾಗಿಹಿಟ್ಟನ್ನು ಬಿಸಿನೀರಿನಲ್ಲಿ ಗಟ್ಟಿಯಾಗಿ ನಾದಿ, ಉಂಡೆ ಕಟ್ಟಿ, ಮತ್ತೊಮ್ಮೆ ಕುದಿಯುವ ನೀರಿನಲ್ಲಿ ಬೇಯಿಸಿದರೆ ಅದು ಕೊಕ್ಕೆಯಿಂದ ಬೇಗ ಕಳಚುವುದಿಲ್ಲ. ಸ್ವಲ್ಪ ಕಡಲೆಕಾಯಿ ಹಿಂಡಿ ಬೆರೆಸಿದರೆ ವಾಸನೆ ದೂರಕ್ಕೆ ಹೋಗುತ್ತದೆ. ನೀರು ಕದಡಿರುವಾಗ ಮೀನು ಕಣ್ಣಿಗಿಂತ ಮೂಗನ್ನೇ ನಂಬುತ್ತದೆ. ಹಿಂದಿನ ಸಂಜೆ ಅದೇ ಜಾಗಕ್ಕೆ ಒಂದೆರಡು ಹಿಡಿ ತೌಡು ಎರಚಿ ಬಂದರೆ ಮೀನಿಗೆ ಆ ಜಾಗದ ರೂಢಿಯಾಗುತ್ತದೆ. ಗಿರ್ಲು ಮೊದಲಾದ ಮೀಸೆ ಮೀನುಗಳಿಗೆ ಎರೆಹುಳು ಸಾಕು. ಸೀಸದ ತೂಕ ಕಟ್ಟಿ ತಳಕ್ಕೆ ಮುಟ್ಟಿಸಬೇಕು. ಬಿಡಿಸುವಾಗ ಕೈ ಜೋಕೆ, ಅವುಗಳ ರೆಕ್ಕೆಯ ಮುಳ್ಳು ಚುಚ್ಚಿದರೆ ಉರಿ ಸುಲಭವಾಗಿ ಇಳಿಯುವುದಿಲ್ಲ. ಬಾಳೆಮೀನು, ಅವಲು ಇವು ಬೇಟೆಗಾರ ಮೀನುಗಳು. ಅವಕ್ಕೆ ಮರಿಮೀನೋ ಸಿಗಡಿಯೋ ಬೇಕು; ಹೊತ್ತು ಮುಳುಗುವ ವೇಳೆ ಒಳ್ಳೆಯದು.

ಇಷ್ಟೆಲ್ಲ ಬಲ್ಲವನೂ ಗಾಳವನ್ನು ಸುತ್ತಿಡಬೇಕಾದ ಕಾಲವೊಂದಿದೆ. ಮುಂಗಾರಿನ ಕೆಂಪು ನೀರು ಬಂದೊಡನೆ ಮೀನು ಹೊಳೆಯ ಮೇಲಕ್ಕೆ ಏರತೊಡಗುತ್ತದೆ. ಮಲೆನಾಡಿನಲ್ಲಿ ಇದನ್ನೇ ಹತ್ತುಮೀನು ಎನ್ನುತ್ತಾರೆ. ಮಳೆಯಲ್ಲಿ ನೆನೆಯುತ್ತ, ಲಾಟೀನು ಹಿಡಿದು, ಗದ್ದೆಯ ಮೋರಿಯಲ್ಲಿ ಅದನ್ನು ಹಿಡಿಯುವ ಸಂಭ್ರಮ ನಮ್ಮ ಜನಕ್ಕೆ ಹೊಸದಲ್ಲ. ಆದರೆ ಆ ಮೀನು ಏರುವುದು ಮೊಟ್ಟೆಯಿಡುವುದಕ್ಕೆ. ಬಲಿತ ರೋಹುವೊಂದು ತನ್ನ ಮೈತೂಕದ ಕಿಲೋ ಒಂದಕ್ಕೆ ಲಕ್ಷಕ್ಕೂ ಮಿಕ್ಕಿ ಮೊಟ್ಟೆ ಹೊರುತ್ತದೆ. ನಿಂತ ನೀರಿನಲ್ಲಿ ಅದು ಮೊಟ್ಟೆ ಹಾಕುವುದಿಲ್ಲ, ಅದಕ್ಕೆ ಹರಿಯುವ ಹೊಸ ನೀರೇ ಬೇಕು. ಆ ದಿನಗಳಲ್ಲಿ ಒಂದು ತಾಯಿಮೀನನ್ನು ಹಿಡಿದವನು ಒಂದು ಹೊತ್ತಿನ ಸಾರಿಗಾಗಿ ಮುಂದಿನ ವರ್ಷಗಳ ಬುತ್ತಿಯನ್ನೇ ಉಂಡಂತಾಯಿತು. ಅಣೆಕಟ್ಟು ಮೊದಲೇ ಮೀನಿನ ದಾರಿಗೆ ಅಡ್ಡವಾಗಿದೆ. ಉಳಿದ ದಾರಿಯಲ್ಲಿ ನಾವೂ ಬಲೆ ಹಿಡಿದು ನಿಂತರೆ ಅದು ಹೋಗುವುದೆಲ್ಲಿಗೆ? ಸಿಡಿಮದ್ದು ಹಾಕಿ, ವಿಷ ಕದಡಿ ಮೀನು ಕೊಲ್ಲುವುದನ್ನಂತೂ 1897ರ ಕಾಯಿದೆಯೇ ಅಪರಾಧವೆಂದು ಸಾರಿತು.

ಇದೇ ತುಂಗೆಯ ಮೇಲ್ದಂಡೆಯಲ್ಲಿ ಶೃಂಗೇರಿಯ ಸೋಪಾನದ ಬಳಿಯೂ, ತೀರ್ಥಹಳ್ಳಿ ಸಮೀಪದ ಚಿಪ್ಪಲಗುಡ್ಡೆಯಲ್ಲಿಯೂ ಜನ ಮೀನನ್ನು ದೇವರದೆಂದು ಕಾಪಾಡಿಕೊಂಡು ಬಂದಿದ್ದಾರೆ. ಅಲ್ಲಿ ಗಾಳದ ಮಾತೇ ಇಲ್ಲ. ಭದ್ರಾ ಹಿನ್ನೀರಿನ ಅಭಯಾರಣ್ಯವೂ ಗಾಳಕ್ಕೆ ಸಲ್ಲದ ಜಾಗ. ಉಳಿದೆಡೆ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ, ಅಪ್ಪಣೆ ಪಡೆದೇ ಗಾಳ ಹಾಕಬೇಕು. ಗೇಟುಗಳ ಸಮೀಪಕ್ಕೂ ಅಣೆಕಟ್ಟಿನ ಕೆಳಗಿನ ಬಂಡೆಗಳಿಗೂ ಹೋಗಲೇಬಾರದು. ನೀರು ಬಿಟ್ಟಾಗ ಓಡಿ ಬರುವಷ್ಟು ಅವಕಾಶವಿರುವುದಿಲ್ಲ.

ಮಳೆಗಾಲ ಕಳೆದು, ನೀರು ತಿಳಿಯಾಗಿ, ಬೆಳಗಿನ ಮಂಜು ಬೀಳತೊಡಗಿದ ಮೇಲೆ ಗಾಳ ಹೊರತೆಗೆಯಿರಿ. ಮನೆಗೆ ಬೇಕಾದಷ್ಟು ಹಿಡಿಯಿರಿ. ಗೇಣಿಗಿಂತ ಚಿಕ್ಕದು ಬಂದರೆ ಕೈ ಒದ್ದೆ ಮಾಡಿಕೊಂಡು ಮೆಲ್ಲನೆ ಬಿಡಿಸಿ, ನೀರಿಗೆ ಬಿಡಿ. ಒಣಗೈ ತಗುಲಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತುಹೋಗಿ ಅದಕ್ಕೆ ರೋಗ ಹತ್ತುತ್ತದೆ. ಈ ವರ್ಷ ಬಿಟ್ಟ ಮರಿಯೇ ಮುಂದೊಂದು ವರ್ಷ ನಿಮ್ಮ ಬೆಂಡನ್ನು ಮುಳುಗಿಸಬೇಕಾದ ಮೀನು.