ವಯೊಲೆಟ್ ಆಳ್ವರು ನಡೆದ ದಾರಿ

(ಮಹಿಳಾ ಸ್ವ-ಸಹಾಯ ಸಂಘಗಳ ಒಕ್ಕೂಟದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಹೋದ ತಿಂಗಳು ಒಂದು ಸಂಘದ ಸಭೆಗೆ ಹೋಗಿದ್ದೆ. ಉಳಿತಾಯ, ಸಾಲ ಮರುಪಾವತಿ ಎಲ್ಲ ಮುಗಿದ ಮೇಲೆ ಒಬ್ಬ ಸದಸ್ಯೆ ಮೆಲ್ಲನೆ ಕೇಳಿದರು: "ಸಿಸ್ಟರ್, ಪಂಚಾಯತಿಗೆ ನಿಲ್ಲಿ ಅಂತ ಹೇಳ್ತಾ ಇದ್ದಾರೆ. ಆದ್ರೆ ಮನೆಯಲ್ಲಿ, ದೇವರ ಭಯ ಇರುವವರಿಗೆ ರಾಜಕೀಯ ಯಾಕೆ ಅಂತಾರೆ. ಏನು ಮಾಡ್ಲಿ?" ಆಗ ಸರಿಯಾಗಿ ಉತ್ತರಿಸಲು ನನ್ನಿಂದ ಆಗಲಿಲ್ಲ. ಅದಕ್ಕೇ ಇವತ್ತು ವಯೊಲೆಟ್ ಆಳ್ವ ಎಂಬ ಒಬ್ಬ ತಾಯಿಯ ವಿಷಯ ಹೇಳುತ್ತೇನೆ.

ಅವರು ಹುಟ್ಟಿದ್ದು 1908ರಲ್ಲಿ, ಅಹಮದಾಬಾದಿನಲ್ಲಿ. ತಂದೆ ಆಂಗ್ಲಿಕನ್ ಸಭೆಯ ಪಾದ್ರಿ. ಒಂಬತ್ತು ಮಕ್ಕಳಲ್ಲಿ ಇವರು ಎಂಟನೆಯವರು. ಹದಿನಾರು ವರ್ಷಕ್ಕೆ ತಂದೆಯೂ ಇಲ್ಲ, ತಾಯಿಯೂ ಇಲ್ಲ. ಅಣ್ಣ ಅಕ್ಕಂದಿರು ಓದಿಸಿದರು. ಮುಂಬಯಿಯಲ್ಲಿ ಕಲಿತು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದರು, ವಕೀಲರೂ ಆದರು. 1937ರಲ್ಲಿ ನಮ್ಮ ಉಡುಪಿ ಹತ್ತಿರದ ಬೆಳ್ಳೆಯ ಜೋಕಿಂ ಆಳ್ವರನ್ನು ಮದುವೆಯಾದರು. ಹಾಗಾಗಿ ಅವರು ನಮ್ಮ ಕರಾವಳಿಯ ಸೊಸೆ. ಗಂಡ ಕಥೋಲಿಕರು, ಇವರು ಪ್ರೊಟೆಸ್ಟೆಂಟ್ ಪಾದ್ರಿಯ ಮಗಳು. ಎರಡು ಸಭೆಗಳ ಪ್ರಾರ್ಥನೆ ಬಲ್ಲ ಮನೆ ಅದು.

ಆ ಕಾಲದಲ್ಲಿ ಕ್ರೈಸ್ತರೆಂದರೆ ಬ್ರಿಟಿಷರ ಕಡೆಯವರು ಎಂಬ ಮಾತಿತ್ತು. ಈ ದಂಪತಿ ಸ್ವಾತಂತ್ರ್ಯ ಚಳವಳಿಗೆ ಇಳಿದರು. 1943ರಲ್ಲಿ ವಯೊಲೆಟ್ ಅವರನ್ನು ಬಂಧಿಸಿದಾಗ ಕೈಯಲ್ಲಿ ಐದು ತಿಂಗಳ ಕೂಸು. ಮಗುವನ್ನು ಎತ್ತಿಕೊಂಡೇ ಆರ್ಥರ್ ರೋಡ್ ಜೈಲಿಗೆ ಹೋದರು. ಇಲ್ಲಿ ಕುಳಿತಿರುವ ಬಾಣಂತಿಯರಿಗೆ ಅದೇನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಮಗುವಿನ ಹಾಲು, ಬಟ್ಟೆ, ನಿದ್ದೆ, ಎಲ್ಲ ಜೈಲಿನ ಒಳಗೆ! ಅಷ್ಟಾದರೂ ಹೆದರಿ ಮನೆಯಲ್ಲಿ ಕೂತರೇ? ಇಲ್ಲ. 1944ರಲ್ಲಿ ಹೈಕೋರ್ಟಿನ ಪೂರ್ಣಪೀಠದ ಮುಂದೆ ವಾದ ಮಾಡಿದರು. ಹಾಗೆ ವಾದಿಸಿದ ಭಾರತದ ಮೊದಲ ಮಹಿಳಾ ವಕೀಲರು ಅವರೇ. ಅದೇ ವರ್ಷ ಮಹಿಳೆಯರಿಗಾಗಿ ಒಂದು ಪತ್ರಿಕೆಯನ್ನೂ ಶುರು ಮಾಡಿದರು.

ನನಗೆ ಬಹಳ ಹಿಡಿಸಿದ್ದು ಮುಂದಿನ ಕೆಲಸ. 1948ರಿಂದ 1954ರವರೆಗೆ ಅವರು ಬಾಲನ್ಯಾಯಾಲಯದ ಅಧ್ಯಕ್ಷೆ. ದಾರಿ ತಪ್ಪಿದ ಮಕ್ಕಳು, ದಿಕ್ಕಿಲ್ಲದ ಮಕ್ಕಳು ಬರುವ ಜಾಗ ಅದು. ಅಲ್ಲಿ ಜೈಕಾರ ಇಲ್ಲ, ಹಾರ ಇಲ್ಲ. ತಂದೆತಾಯಿ ಇಲ್ಲದೆ ಬೆಳೆದವರಿಗೆ ಆ ಮಕ್ಕಳ ಮುಖ ನೋಡಿದಾಗ ಏನನ್ನಿಸಿರಬಹುದು, ನೀವೇ ಯೋಚಿಸಿ.

ಆ ಕೆಲಸದ ನಡುವೆಯೇ, 1952ರಲ್ಲಿ, ರಾಜ್ಯಸಭೆಗೆ ಹೋದರು. ಅದೇ ವರ್ಷ ಜೋಕಿಂ ಆಳ್ವರು ಉತ್ತರ ಕನ್ನಡದಿಂದ ಲೋಕಸಭೆಗೆ ಗೆದ್ದರು. ಸಂಸತ್ತಿನಲ್ಲಿ ಗಂಡ ಹೆಂಡತಿ ಒಟ್ಟಿಗೆ ಕೂತದ್ದು ಅದೇ ಮೊದಲು. ಆದರೆ ಇಬ್ಬರಿಗೂ ಬೇರೆ ಬೇರೆ ಕುರ್ಚಿ! (ಈಗ ಕೆಲವು ಪಂಚಾಯತಿಗಳಲ್ಲಿ ಹೆಂಡತಿಯ ಕುರ್ಚಿಯಲ್ಲಿ ಗಂಡ ಕೂರುವುದನ್ನು ನೋಡಿದ್ದೇವೆ, ಅದಕ್ಕೆ ಹೇಳಿದೆ.) 1957ರಲ್ಲಿ ಗೃಹ ಖಾತೆಯ ಉಪಮಂತ್ರಿ, 1962ರಲ್ಲಿ ರಾಜ್ಯಸಭೆಯ ಉಪಸಭಾಪತಿ. ಆ ಪೀಠದಲ್ಲಿ ಕೂತ ಮೊದಲ ಹೆಂಗಸು. ಆಗ ಅವರು ನಮ್ಮ ಮೈಸೂರು ರಾಜ್ಯದ ಪ್ರತಿನಿಧಿ. 1969ರಲ್ಲಿ ತೀರಿಕೊಂಡರು.

ಈಗ ಆ ಸದಸ್ಯೆಯ ಪ್ರಶ್ನೆಗೆ ಬರುತ್ತೇನೆ. ದೇವರ ಭಯ ಇದ್ದುದರಿಂದ ವಯೊಲೆಟ್ ಹಿಂದೆ ಸರಿಯಲಿಲ್ಲ. ಆದರೆ ಕುರ್ಚಿ ಸಿಗುವ ಮೊದಲೇ ಹತ್ತಾರು ವರ್ಷ ಜನರ ನಡುವೆ ಕೆಲಸ ಮಾಡಿದ್ದರು. ಜನರಿಗೆ ಅವರ ಗುರುತಿತ್ತು, ಅವರಿಗೆ ಕಾನೂನು ಗೊತ್ತಿತ್ತು. ಜೆರಾಕ್ಸ್ ಮಾಡಿಸಿ ನಾಮಪತ್ರ ಹಾಕಿದ ಮಾತ್ರಕ್ಕೆ ಯಾರೂ ನಾಯಕಿ ಆಗುವುದಿಲ್ಲ, ಕೋಪ ಮಾಡ್ಕೋಬೇಡಿ.

ನಮಗೆ ದಾರಿ ಅವರಿಗಿಂತ ಸುಲಭ ಇದೆ. ಕರ್ನಾಟಕದಲ್ಲಿ 1987ರ ಪಂಚಾಯತ್ ಚುನಾವಣೆಯಲ್ಲೇ ಮಹಿಳೆಯರಿಗೆ ಶೇಕಡಾ 25 ಸ್ಥಾನ ಸಿಕ್ಕಿತ್ತು. 1993ರ ಕಾಯ್ದೆಯಲ್ಲಿ ಮೂರನೇ ಒಂದು ಭಾಗ ಆಯಿತು, 2010ರಲ್ಲಿ ಅರ್ಧ. ಯಾವ ಪಕ್ಷ ಎಂದು ನಾವು ಸಿಸ್ಟರ್‌ಗಳು ಹೇಳುವುದಿಲ್ಲ, ನೀವು ಕೇಳಲೂಬೇಡಿ. ಸಂಘದ ಹಣ, ಸಂಘದ ಹೆಸರು ಯಾರ ಪ್ರಚಾರಕ್ಕೂ ಹೋಗಬಾರದು, ಇದು ಮಾತ್ರ ಖಂಡಿತ.

ಮೊದಲು ಒಂದು ಕೆಲಸ ಮಾಡಿ. ಈ ವಾರದ ಸಭೆಯಲ್ಲಿ ನಿಮ್ಮ ವಾರ್ಡಿನ ನೀರು, ದಾರಿದೀಪ, ವಿಧವಾ ವೇತನ, ಅಂಗನವಾಡಿ, ಏನೇನು ಬಾಕಿ ಇದೆ ಎಂದು ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಅದನ್ನು ಯಾರು ಓದುತ್ತಾರೆ ಎಂದೂ ಹೆಸರು ಹಾಕಿ. ಮುಂದಿನ ಭೇಟಿಯಲ್ಲಿ ಪಾಸ್‌ಬುಕ್‌ಗಿಂತ ಮೊದಲು ನಾನು ಆ ಪುಟವನ್ನೇ ಕೇಳುತ್ತೇನೆ.